ಓದುಗರ ಪ್ರಶ್ನೆ: ಆ ಹೆಸರು ಬೈಬಲ್ಲಿನಲ್ಲಿ ಇದೆಯೇ?

ಪ್ರಶ್ನೆ: ನಮ್ಮ ಅವಳಿ ಮಕ್ಕಳಿಗೆ ಬೈಬಲ್ಲಿನ ಹೆಸರೇ ಇಡಬೇಕೆಂದು ಮನೆಯಲ್ಲಿ ಎಲ್ಲರ ಆಸೆ. ಹುಡುಗಿಗೆ ಅನ್ನ ಅಥವಾ ವೆರೋನಿಕಾ, ಹುಡುಗನಿಗೆ ಜೋಕಿಂ ಅಥವಾ ರಫಾಯೆಲ್ ಎಂದುಕೊಂಡಿದ್ದೇವೆ. ಇವೆಲ್ಲ ಬೈಬಲ್ಲಿನವೇ?

ಉತ್ತರ: ವೆರೋನಿಕಾ ಅಲ್ಲ. ಶಿಲುಬೆ ಹೊತ್ತ ಯೇಸುವಿನ ಮುಖ ಒರೆಸಿದ ಈ ಹೆಂಗಸು ಬರುವುದು ಯೇಸುವಿನ ಕೊನೆಯ ಪಯಣವನ್ನು ನೆನೆಯುವ ‘ಶಿಲುಬೆಯ ಹಾದಿ’ ಪ್ರಾರ್ಥನೆಯ 6ನೇ ಸ್ಥಳದಲ್ಲಿ. ನಾಲ್ಕು ಸುವಾರ್ತೆಗಳಲ್ಲಿ ಆ ಪ್ರಸಂಗವೇ ಇಲ್ಲ.

ಅನ್ನ, ಜೋಕಿಂ ಹೆಸರುಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಯೇಸುವಿನ ತಾಯಿ ಮರಿಯಳ ತಂದೆತಾಯಿಯ ಹೆಸರನ್ನು ಬೈಬಲ್ ಎಲ್ಲೂ ಹೇಳುವುದಿಲ್ಲ. ಜೋಕಿಂ–ಅನ್ನ ದಂಪತಿ ಬರುವುದು ಯಾಕೋಬನ ಹೆಸರಿನಲ್ಲಿರುವ 2ನೇ ಶತಮಾನದ ಒಂದು ಬರಹದಲ್ಲಿ. ಅದು ಬೈಬಲ್ಲಿಗೆ ಸೇರಿದ್ದಲ್ಲ. ಆದರೆ ಅದೇ ಹೆಸರಿನ ಬೇರೆಯವರು ಬೈಬಲ್ಲಿನಲ್ಲಿದ್ದಾರೆ. ಲೂಕ 2:36–38ರಲ್ಲಿ ಅನ್ನ ಎಂಬ ವೃದ್ಧ ಪ್ರವಾದಿನಿ ಹಗಲಿರುಳು ದೇವಾಲಯದಲ್ಲೇ ಇದ್ದು, ಶಿಶು ಯೇಸುವನ್ನು ಕಂಡು ದೇವರನ್ನು ಕೊಂಡಾಡುತ್ತಾಳೆ. ಮಗಳಿಗೆ ಇದಕ್ಕಿಂತ ಚೆಂದದ ಹೆಸರು ಬೇಕೇ? ಜೋಕಿಂ ಹೆಸರಿನ ಮೂಲರೂಪ ಯೆಹೋಯಾಕೀಮ; ಅವನು ಮಾತ್ರ ಪ್ರವಾದಿ ಯೆರೆಮೀಯನ ಸುರುಳಿಯನ್ನು ಕತ್ತರಿಸಿ ಬೆಂಕಿಗೆ ಹಾಕಿದ ಯೆಹೂದದ ಅರಸ (ಯೆರೆಮೀಯ 36). ಹೆಸರು ಸಿಕ್ಕಿತೆಂದು ನಿಲ್ಲದೆ, ಆ ವ್ಯಕ್ತಿ ಯಾರೆಂದೂ ನೋಡಬೇಕು ಎನ್ನುವುದು ಇದಕ್ಕೇ.

ರಫಾಯೆಲ್ ದೂತ ತೊಬಿತನ ಗ್ರಂಥದಲ್ಲಿದ್ದಾನೆ. ಕಥೋಲಿಕರ 73 ಗ್ರಂಥಗಳ ಬೈಬಲ್ಲಿನಲ್ಲಿ ಅದು ಉಂಟು, ಪ್ರಾಟೆಸ್ಟೆಂಟರ 66ರಲ್ಲಿ ಇಲ್ಲ.

ನೀವೇ ಹುಡುಕುವಾಗ ಕನ್ನಡ ಬೈಬಲ್ಲಿನ ರೂಪವನ್ನೇ ಟೈಪ್ ಮಾಡಿ: ಜೇಮ್ಸ್ ಅಲ್ಲ, ಯಾಕೋಬ, ಜಾನ್ ಅಲ್ಲ, ಯೋಹಾನ. ಇಲ್ಲವಾದರೆ ಇರುವ ಹೆಸರೂ ಸಿಗುವುದಿಲ್ಲ. ಅಂದಹಾಗೆ, ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 855ನೇ ವಿಧಿ ಬೈಬಲ್ಲಿನ ಹೆಸರೇ ಬೇಕೆನ್ನುವುದಿಲ್ಲ. ಕ್ರೈಸ್ತ ಭಾವನೆಗೆ ಹೊಂದದ ಹೆಸರು ಬೇಡ ಎನ್ನುತ್ತದೆ, ಅಷ್ಟೆ. ವೆರೋನಿಕಾ ಇಷ್ಟವಾಗಿದ್ದರೆ ಧಾರಾಳವಾಗಿ ಇಡಿ.

ಪ್ರಶ್ನೆ: ಕ್ರಿಸ್ಮಸ್ ಗೋದಲಿಯಲ್ಲಿ ಮೂವರು ರಾಜರನ್ನು ಇಡುತ್ತೇವೆ. ಬೈಬಲ್ಲಿನಲ್ಲಿ ಹಾಗೆಯೇ ಇದೆಯೇ?

ಉತ್ತರ: ಮತ್ತಾಯ 2:1–12 ಓದಿ. ಮೂಡಣ ದೇಶದ ಜೋಯಿಸರು ಎಂದಿದೆ. ರಾಜರೆಂದಿಲ್ಲ, ಎಷ್ಟು ಮಂದಿ ಎಂದೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರಾದರು. ಕೀರ್ತನೆ 72ರ ಅರಸರ ಕಾಣಿಕೆಯ ಮಾತಿನಿಂದ ರಾಜರಾದರು. ಗಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳು ಆಮೇಲಿನವು. ಅವರು ಕೊಟ್ಟಿಗೆಗೆ ಬಂದರೆಂದೂ ಇಲ್ಲ, ‘ಮನೆಯೊಳಗೆ’ ಹೋದರು. ಗೋದಲಿ, ಕುರುಬರು ಲೂಕ 2ರವರು. ಗ್ರಂಥಕ್ಕೆ ಹತ್ತಿರವಾಗಿರಲೆಂದರೆ ಜೋಯಿಸರನ್ನು ದೂರದಲ್ಲಿಟ್ಟು, ಅವರ ಭೇಟಿಯ ಹಬ್ಬವಾದ ಜನವರಿ 6ಕ್ಕೆ ಮಗುವಿನ ಬಳಿ ತನ್ನಿ.

ಪ್ರಶ್ನೆ: ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೆಂದು ಪ್ರಸಂಗದಲ್ಲಿ ಕೇಳಿದೆ. ನಿಜವೇ?

ಉತ್ತರ: ಇಲ್ಲ. ಲೂಕ 7ರಲ್ಲಿ ಯೇಸುವಿನ ಪಾದಕ್ಕೆ ತೈಲ ಹಚ್ಚಿದ ಪಾಪಿಯಾದ ಹೆಂಗಸಿಗೆ ಹೆಸರೇ ಇಲ್ಲ. ಮುಂದಿನ ಅಧ್ಯಾಯದಲ್ಲಿ ಏಳು ದೆವ್ವಗಳಿಂದ ಬಿಡುಗಡೆಯಾದವಳೆಂದು ಮರಿಯಳ ಹೆಸರು ಬರುತ್ತದೆ. 591ರಲ್ಲಿ ಪೋಪ್ ಗ್ರೆಗೊರಿ ಪ್ರಸಂಗವೊಂದರಲ್ಲಿ ಇವರಿಬ್ಬರನ್ನೂ ಲಾಜರನ ಸೋದರಿ ಬೆಥಾನ್ಯದ ಮರಿಯಳನ್ನೂ ಒಬ್ಬಳೇ ಎಂದರು. ಪಶ್ಚಿಮದ ಸಭೆಯಲ್ಲಿ ಅದೇ ಬೇರೂರಿತು. ಅವಳಿಗೆ ಆದ ಈ ಅನ್ಯಾಯ ಬಹಳ ದೊಡ್ಡದು. ಕಥೋಲಿಕ ಸಭೆಯ ಹಬ್ಬಗಳ ಪಟ್ಟಿಯಾದ 1969ರ ರೋಮನ್ ಪಂಚಾಂಗ ಆ ಬೆರಕೆಯನ್ನು ಕೈಬಿಟ್ಟಿತು. ಪ್ರಸಂಗ ಮಾಡುವವರು ಯೋಹಾನ 20:11–18ರಿಂದ ಆರಂಭಿಸಲಿ: ಎದ್ದುಬಂದ ಯೇಸುವನ್ನು ಕಂಡು ಶಿಷ್ಯರಿಗೆ ತಿಳಿಸಿದವಳು ಅವಳೇ.