ಸೋನಾರ್ ಇದ್ದರೂ ಸಬ್‌ಮರೀನ್ ಕೈತಪ್ಪುತ್ತಿದ್ದದ್ದು ಏಕೆ?

ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುವ ಸರಕು ಹಡಗುಗಳಿಗೆ ಕಾವಲಾಗಿದ್ದ ಬ್ರಿಟಿಷ್ ಡೆಸ್ಟ್ರಾಯರ್ ಯುದ್ಧನೌಕೆಗಳ ದೊಡ್ಡ ತೊಂದರೆ ಇದೇ. ಸೋನಾರ್ ಎಂದರೆ ನೀರಿನೊಳಗೆ ಶಬ್ದ ಕಳಿಸಿ, ಮರಳುವ ಪ್ರತಿಧ್ವನಿಯಿಂದ ಸಬ್‌ಮರೀನ್ ಹುಡುಕುವ ಸಾಧನ. ಅದರ ಶಬ್ದ ಮುಂದಕ್ಕೆ ಹೋಗುತ್ತಿತ್ತು, ನೇರ ಕೆಳಕ್ಕಲ್ಲ. ಸಬ್‌ಮರೀನಿನ ಹತ್ತಿರ ಬಂದಂತೆ ಪ್ರತಿಧ್ವನಿ ನಿಂತುಹೋಗುತ್ತಿತ್ತು. ಡೆಪ್ತ್ ಚಾರ್ಜ್ ಉರುಳಿಸುತ್ತಿದ್ದದ್ದೋ ಹಡಗಿನ ಹಿಂಭಾಗದಿಂದ! ಆ ಸಿಡಿಗುಂಡು ಮುಳುಗಿ ಸಿಡಿಯುವಷ್ಟರಲ್ಲಿ ಸಬ್‌ಮರೀನ್ ಪಕ್ಕಕ್ಕೆ ತಿರುಗಿಬಿಡುತ್ತಿತ್ತು.

ರಾತ್ರಿ ಅದು ನೀರಿನ ಮೇಲೇ ಬಂದರೆ ಸೋನಾರ್‌ನಿಂದ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಅಲ್ಲಿ ರೇಡಾರ್ ಬೇಕಿತ್ತು. 1941ರ ಮಾರ್ಚ್ 17ರ ನಸುಕಿನಲ್ಲಿ 'ವ್ಯಾನಾಕ್' ಡೆಸ್ಟ್ರಾಯರ್ ರೇಡಾರ್‌ನಲ್ಲೇ ಜರ್ಮನಿಯ ಯು-100 ಸಬ್‌ಮರೀನನ್ನು ಪತ್ತೆಹಚ್ಚಿ, ನೇರ ಗುದ್ದಿ ಮುಳುಗಿಸಿತು. ಸ್ವಲ್ಪ ಹೊತ್ತಿಗೇ 'ವಾಕರ್' ಡೆಸ್ಟ್ರಾಯರ್ ಡೆಪ್ತ್ ಚಾರ್ಜ್ ಹಾಕಿ ಯು-99 ಅನ್ನು ಮೇಲೇಳಿಸಿತು. ಅದರ ಕ್ಯಾಪ್ಟನ್ ಓಟ್ಟೋ ಕ್ರೆಚ್‌ಮರ್ ಸೆರೆಸಿಕ್ಕ.

ಮುಂದೆ 24 ಬಾಂಬ್‌ಗಳನ್ನು ಮುಂದಕ್ಕೆಸೆಯುವ 'ಹೆಜ್‌ಹಾಗ್' ಎಂಬ ಆಯುಧ ಬಂತು. ಪ್ರತಿಧ್ವನಿ ಕೇಳುತ್ತಿರುವಾಗಲೇ ಹೊಡೆಯಬಹುದಾಯಿತು.