ಮರಿಯಾ ಬಾರ್ಟಿರೊಮೊ ಅಷ್ಟು ಹೆಸರು ಮಾಡಿದ್ದು ಹೇಗೆ?

ಟಿವಿಯಲ್ಲಿ ಷೇರುಪೇಟೆ ಸುದ್ದಿ ಓದುವವರು ಬೇಕಾದಷ್ಟು ಜನ ಇದ್ದಾರೆ, ಅಮೆರಿಕದ ಈ ಟಿವಿ ಪತ್ರಕರ್ತೆ ಮರಿಯಾ ಅವರಲ್ಲೇನು ವಿಶೇಷ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅವರು ನಿಂತ ಜಾಗ.

ಹುಟ್ಟಿದ್ದು 1967ರಲ್ಲಿ, ಬ್ರೂಕ್ಲಿನ್‌ನಲ್ಲಿ. ಅಪ್ಪನದು ರೆಸ್ಟೋರೆಂಟ್, ಅಲ್ಲಿ ಮರಿಯಾ ಗಿರಾಕಿಗಳ ಕೋಟು ತೆಗೆದಿಡುವ ಕೆಲಸವನ್ನೂ ಮಾಡಿದ್ದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಜೊತೆ ಅರ್ಥಶಾಸ್ತ್ರವನ್ನೂ ಓದಿದರು. ಆಮೇಲೆ ಸಿಎನ್‌ಎನ್‌ನಲ್ಲಿ ಕ್ಯಾಮೆರಾ ಹಿಂದಿನ ಕೆಲಸ, 1993ರಲ್ಲಿ ವ್ಯಾಪಾರ ಸುದ್ದಿಯ ಚಾನೆಲ್ ಸಿಎನ್‌ಬಿಸಿ.

1995ರಲ್ಲಿ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಫ್ಲೋರ್‌ನಿಂದಲೇ, ಅಂದರೆ ಷೇರು ವಹಿವಾಟು ನಡೆಯುವ ಅಂಗಳದಿಂದಲೇ, ಲೈವ್ ವರದಿ ಶುರು ಮಾಡಿದರು. ದಿನಾ ಹಾಗೆ ಮಾಡಿದವರಲ್ಲಿ ಅವರೇ ಮೊದಲು. ಸುತ್ತ ಕೂಗಾಟ, ನೂಕಾಟ, ಮಧ್ಯೆ ಮೈಕ್ ಹಿಡಿದು ನಿಂತ ಹುಡುಗಿ! ಯಾವ ಷೇರಿನ ಬಗ್ಗೆ ವಿಶ್ಲೇಷಕರು ಅಭಿಪ್ರಾಯ ಬದಲಿಸಿದ್ದಾರೆ ಅನ್ನೋದು ಅಲ್ಲಿಯವರೆಗೆ ಬ್ರೋಕರ್‌ಗಳ ದೊಡ್ಡ ಗಿರಾಕಿಗಳಿಗೆ ಮೊದಲು ತಿಳಿಯುತ್ತಿತ್ತು, ಇವರು ಅದನ್ನೇ ಬೆಳಿಗ್ಗೆ ಬೆಳಿಗ್ಗೆ ಟಿವಿಯಲ್ಲಿ ಹೇಳತೊಡಗಿದಾಗ ಮನೆಯಲ್ಲಿ ಕೂತ ಸಣ್ಣ ಹೂಡಿಕೆದಾರರಿಗೂ ಸಿಗತೊಡಗಿತು. ಸುಮ್ನೆ ಅಲ್ಲ ಹೆಸರು ಬಂದಿದ್ದು, ಅಲ್ವಾ?

ಇಪ್ಪತ್ತು ವರ್ಷ ಸಿಎನ್‌ಬಿಸಿಯಲ್ಲಿದ್ದು ಫಾಕ್ಸ್ ಬಿಸಿನೆಸ್ ಚಾನೆಲ್‌ಗೆ ಹೋದರು. ಈಗ ಅವರ ಭಾನುವಾರದ ಕಾರ್ಯಕ್ರಮದಲ್ಲಿ ರಾಜಕೀಯವೇ ಜಾಸ್ತಿ. ನನಗಂತೂ ಹಳೇ ಫ್ಲೋರ್ ವರದಿಗಳೇ ಇಷ್ಟ.