ಕೂಲರ್ರೋ ಎಸಿನೋ ಆಮೇಲೆ, ಮೊದ್ಲು ತಾರಸಿ ಮೇಲೆ ಹತ್ತಿ ನೋಡ್ರಿ

ಪ್ರಶ್ನೆ: ನಮ್ದು ದಾವಣಗೆರೆ ನಿಟ್ಟುವಳ್ಳಿ ಕಡೆ, ಮೇಲಿನ ಮಹಡಿ ಮನೆ, ತಲೆ ಮೇಲೆ ನೇರವಾಗಿ ಆರ್‌ಸಿಸಿ. ಹೋದ ಬೇಸಿಗೇಲಿ ಕೂಲರ್ ತಂದ್ವಿ. ಮೊದಲ ಅರ್ಧ ಗಂಟೆ ತಂಪು, ಆಮೇಲೆ ಮೈಯೆಲ್ಲಾ ಅಂಟಂಟು. ಸೊಳ್ಳೆ ಬರುತ್ತೆ ಅಂತ ಕಿಟಕಿ ಬಾಗ್ಲು ಹಾಕ್ಕೊಂಡೇ ಮಲಗ್ತೀವಿ. ಮಕ್ಕಳು ಎಸಿ ಹಾಕ್ಸಿ ಅಂತ ಹಠ ಹಿಡ್ದಿದಾರೆ, ಆದ್ರೆ ಗೃಹಜ್ಯೋತೀಲಿ ಬಿಲ್ ಸೊನ್ನೆ ಬರ್ತಿದೆ, ಅದು ಹೋಗುತ್ತೇನೋ ಅಂತ ಭಯ. ಏನ್ ಮಾಡೋದು?

ಉತ್ತರ: ಕಾರಣ ನೀವೇ ಬರ್ದಿದೀರಲ್ಲ, ಕಿಟಕಿ ಬಾಗ್ಲು ಹಾಕ್ಕೊಂಡು ಅಂತ. ಕೂಲರ್ ಅಂದ್ರೆ ಮಡಕೆ ನೀರಿನ ಲೆಕ್ಕಾನೇ. ನೀರು ಆವಿ ಆಗೋವಾಗ ಸುತ್ತಲಿನ ಬಿಸಿ ಎಳ್ಕೊಳುತ್ತೆ, ಗಾಳಿ ತಂಪಾಗುತ್ತೆ, ಆದ್ರೆ ಆ ಆವಿ ರೂಮಲ್ಲೇ ಉಳ್ಕೊಳುತ್ತಲ್ಲ, ಅದಕ್ಕೆ ಆಚೆ ಹೋಗೋಕೆ ದಾರಿ ಇಲ್ದಿದ್ರೆ ಅರ್ಧ ಗಂಟೇಲಿ ರೂಮು ಬಚ್ಚಲುಮನೆ ಆಗುತ್ತೆ, ಬೆವರು ಒಣಗಲ್ಲ, ಅದೇ ನಿಮ್ಮ ಅಂಟಂಟು. ಕೂಲರ್‌ನ ಒಂದು ಕಿಟಕಿಗೆ ಹಚ್ಚಿ, ಹಿಂಭಾಗ ಹೊರಗಿನ ಗಾಳಿ ಎಳೀಬೇಕು, ಎದುರಿನ ಕಿಟಕಿ ತೆಗ್ದಿರಬೇಕು. ಸೊಳ್ಳೆಗೆ ಮೆಶ್ ಹೊಡೆಸ್ರಿ, ಕಿಟಕಿ ಮುಚ್ಚೋದಲ್ಲ.

ನಮ್ಮ ಸೀಮೆ ಕೂಲರ್‌ಗೆ ಹೇಳಿ ಮಾಡ್ಸಿದ್ದು. ಮಾರ್ಚ್-ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದು ಗಾಳೀಲಿ ತೇವ 25 ಪರ್ಸೆಂಟ್ ಇದ್ರೆ ಒಳ್ಳೆ ಕೂಲರ್ 27-28 ಡಿಗ್ರಿ ಗಾಳಿ ಕೊಡುತ್ತೆ. ಅದೇ ಕೂಲರ್ ಮಂಗಳೂರಿಗೆ ಒಯ್ದ್ರೆ, ಅಲ್ಲಿ ಗಾಳಿ ಮೊದ್ಲೇ ತೇವ, ಬರೀ ಸದ್ದು. ನಮ್ಮಲ್ಲೂ ಮೇ ತಿಂಗಳಲ್ಲಿ ಸಂಜೆ ಮಳೆ ಹೊಡೆದ ಮೇಲೆ ಅಷ್ಟಕ್ಕಷ್ಟೇ, ಆವಾಗ ಪಂಪ್ ಆಫ್ ಮಾಡಿ ಫ್ಯಾನ್ ಥರ ಬಳಸ್ರಿ. ಭದ್ರಾ ಕಾಲುವೆ ಗದ್ದೆಗೆ ಅಂಟ್ಕೊಂಡಿರೋ ಊರುಗಳಲ್ಲೂ ಗಾಳಿ ಸ್ವಲ್ಪ ತೇವಾನೇ.

ಇನ್ನು ತಾರಸಿ. ಹಳೇ ಮಣ್ಣಿನ ಮಾಳಿಗೆ ಮನೇಲಿ ಮಲಗಿದವರಿಗೆ ಗೊತ್ತು, ಮಧ್ಯಾಹ್ನಾನೂ ಒಳಗೆ ಎಷ್ಟು ತಂಪಿರ್ತಿತ್ತು ಅಂತ. ಈಗಿನ ಸ್ಲ್ಯಾಬು ದಿನವಿಡೀ ಬಿಸಿಲು ಕುಡಿದು ರಾತ್ರಿ ಹನ್ನೆರಡರವರೆಗೂ ನಿಮ್ಮ ಮೇಲೆ ಕಾರುತ್ತೆ, ಬೆನ್ನಿಗೆ ರೊಟ್ಟಿ ಹೆಂಚು ಕಟ್ಕೊಂಡು ಫ್ಯಾನ್ ಕೆಳಗೆ ಕೂತಂಗೆ. ಎಸಿ ಹಾಕ್ಸಿದ್ರೂ ಅದರ ದುಡ್ಡಲ್ಲಿ ಅರ್ಧ ಈ ಸ್ಲ್ಯಾಬಿನ ಜೊತೆ ಜಗಳಕ್ಕೇ ಹೋಗುತ್ತೆ. ಫೆಬ್ರವರೀಲೇ ತಾರಸಿ ಗುಡಿಸಿ ತೊಳೆದು ಬಿಳಿ ಕೂಲ್‌ರೂಫ್ ಪೇಂಟ್ ಎರಡು ಕೋಟ್ ಹೊಡೆಸ್ರಿ, ದುಡ್ಡು ಸಾಲ್ದಿದ್ರೆ ಸುಣ್ಣಕ್ಕೇ ಅಂಟು ಬೆರೆಸಿ ಬಳೀರಿ, ಮಳೆಗೆ ತೊಳ್ಕೊಂಡು ಹೋಗುತ್ತೆ, ಮುಂದಿನ ವರ್ಷ ಮತ್ತೆ ಬಳ್ಕೊಳೋದು. ಒಳಗೆ 2-3 ಡಿಗ್ರಿ ಇಳಿದ್ರೂ ಮಲಗೋರಿಗೆ ಗೊತ್ತಾಗುತ್ತೆ.

ಬಿಲ್ ಲೆಕ್ಕ ಹೇಳ್ತೀನಿ. ಕೂಲರ್ 150-200 ವ್ಯಾಟ್, ರಾತ್ರಿ 8 ಗಂಟೆಗೆ ಒಂದೂವರೆ ಯೂನಿಟ್ ಆಸುಪಾಸು, ತಿಂಗಳಿಗೆ 40-50. ಒಂದೂವರೆ ಟನ್ ಎಸಿ ಅದೇ 8 ಗಂಟೆಗೆ 5ರಿಂದ 8 ಯೂನಿಟ್, ತಿಂಗಳಿಗೆ 150-240. ಗೃಹಜ್ಯೋತೀಲಿ ನಿಮ್ಗೆ ಪುಕ್ಕಟೆ ಸಿಗೋದು ನಿಮ್ಮ ಮನೆಯ ಹಳೇ ತಿಂಗಳ ಸರಾಸರಿ ಬಳಕೆ ಮೇಲೆ ಸ್ವಲ್ಪ ಜಾಸ್ತಿ ಅಷ್ಟೇ. ಅದು ದಾಟಿದ್ರೆ ಹೆಚ್ಚಿನ ಯೂನಿಟ್‌ಗೆ ಕಟ್ಟಬೇಕು, 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ನಿಮ್ದೇ. ಹಾಗಾಗಿ ನನ್ನ ಮಾತು, ಈ ವರ್ಷ ಸುಣ್ಣ, ಮೆಶ್ಶು, ಇರೋ ಕೂಲರ್ರು. ಸೀಲಿಂಗ್ ಫ್ಯಾನ್ ಹಳೇದಾಗಿದ್ರೆ ಬಿಎಲ್‌ಡಿಸಿ ಅಂತ ಕಡಿಮೆ ಕರೆಂಟ್ ಎಳೆಯೋ ಮೋಟಾರಿನ ಫ್ಯಾನ್ ಬರುತ್ತೆ, ಅದು ಹಾಕ್ಸಿ, 75 ವ್ಯಾಟ್ ಎಳೆಯೋದು 30ಕ್ಕೆ ಇಳಿಯುತ್ತೆ. ಮಕ್ಕಳಿಗೆ ಮುಂದಿನ ವರ್ಷ ನೋಡಣ ಅನ್ರಿ.

ಪ್ರಶ್ನೆ: ಚಳ್ಳಕೆರೆಯಿಂದ ಬರೀತಿದೀನಿ. ನಮ್ಮ ಬೋರ್ ನೀರಿಗೆ ಕೂಲರ್ ಪ್ಯಾಡು ಎರಡೇ ತಿಂಗಳಿಗೆ ಬಿಳೀ ಕಲ್ಲಾಗುತ್ತೆ, ವಾಸ್ನೆ ಬೇರೆ. ಯಾವ ಪ್ಯಾಡ್ ತಗೊಳ್ಲಿ?

ಉತ್ತರ: ನಿಮ್ಮೂರಿನ ಒಣ ಗಾಳಿಗೆ ಕೂಲರ್ ಚಿನ್ನ, ನೀರೇ ಶತ್ರು. ಆವಿ ಆಗೋದು ನೀರು ಮಾತ್ರ, ಉಪ್ಪು-ಸುಣ್ಣ ಎಲ್ಲಾ ತೊಟ್ಟೀಲೇ ಉಳಿಯುತ್ತೆ, ನೀವು ಮೇಲೆ ಮೇಲೆ ತುಂಬಿಸ್ತಾ ಹೋದ್ರೆ ದಿನಾ ಗಡಸು ಜಾಸ್ತಿನೇ ಆಗೋದು. ಎರಡು ಮೂರು ದಿನಕ್ಕೊಂದ್ಸಲ ಪೂರ್ತಿ ಖಾಲಿ ಮಾಡಿ ಗಿಡಕ್ಕೆ ಹಾಕದೆ ಚರಂಡಿಗೆ ಬಿಡ್ರಿ, ಆ ಉಪ್ಪು ಗಿಡಕ್ಕೂ ಒಳ್ಳೇದಲ್ಲ. ನಲ್ಲೀಲಿ ಡ್ಯಾಂ ನೀರು ಬಂದ ದಿನ ಅದನ್ನೇ ತುಂಬ್ಸಿ. ಹನಿಕೋಂಬ್ ಪ್ಯಾಡ್, ಅಂದ್ರೆ ಜೇನುಗೂಡಿನ ಥರ ತೂತಿರೋದು, ತಂಪು ಚೆನ್ನಾಗಿ ಕೊಡುತ್ತೆ ಆದ್ರೆ ದುಬಾರಿ, ಕಲ್ಲಾದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮಂಥ ನೀರಿಗೆ ಕಟ್ಟಿಗೆ ನಾರಿನ ಹಳೇ ಪ್ಯಾಡೇ ಸರಿ, ಪ್ರತಿ ಸೀಸನ್‌ಗೆ ಬಿಸಾಕಿ ಹೊಸದು ಹಾಕೋದು. ಹನಿಕೋಂಬೇ ಇದ್ರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ನೆನೆಸಿಟ್ಟು ತೊಳೀರಿ, ಬ್ರಷ್ಷಲ್ಲಿ ಗೀಚಬೇಡಿ, ಹರಿಯುತ್ತೆ.

ವಾಸ್ನೆಗೆ, ಆಫ್ ಮಾಡೋ ಮುಂಚೆ ಪಂಪ್ ನಿಲ್ಸಿ ಕಾಲು ಗಂಟೆ ಬರೀ ಫ್ಯಾನ್ ಓಡಿಸಿ ಪ್ಯಾಡ್ ಒಣಗ್ಸಿ. ಊರಿಗೆ ಹೋಗೋವಾಗ ತೊಟ್ಟೀಲಿ ನೀರು ಬಿಟ್ಟು ಹೋಗಲೇಬೇಡಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯೋಕೆ ಒಂದು ವಾರ, ಹತ್ತು ದಿನ ಸಾಕು.

ಪ್ರಶ್ನೆ: ಚಿತ್ರದುರ್ಗದಲ್ಲಿ ವಯಸ್ಸಾದ ಅಪ್ಪ ಅಮ್ಮನ ರೂಮಿಗೆ ಎಸಿ ಹಾಕಿಸ್ಬೇಕು ಅಂತಿದೀವಿ, 10 ಬೈ 12 ರೂಮು, ಕೆಳಗಿನ ಮನೆ. ಅಂಗಡಿಯವರು ಎರಡು ಟನ್ ಅಂತಾರೆ.

ಉತ್ತರ: ಬೇಡ್ರೀ, ಒಂದು ಟನ್ ಸಾಕು. ಟನ್ ಅಂದ್ರೆ ತೂಕ ಅಲ್ಲ, ದಿನಕ್ಕೆ ಒಂದು ಟನ್ ಐಸ್ ಕರಗೋಕೆ ಬೇಕಾಗೋ ಬಿಸಿಯ ಲೆಕ್ಕ ಅದು, ಹಳೇ ಕಾಲದ್ದು. ತಲೆ ಮೇಲೆ ನೇರ ತಾರಸಿ ಇದ್ರೆ ಒಂದೂವರೆ ಅಂತಿದ್ದೆ. ಇನ್ವರ್ಟರ್ ಮಾದರಿ ಎಸಿನೇ ತಗೊಳ್ರಿ, ರೂಮು ತಂಪಾದ ಮೇಲೆ ಅದು ತಾನೇ ವೇಗ ಇಳಿಸುತ್ತೆ, 26ಕ್ಕಿಟ್ಟು ಮೇಲೆ ಫ್ಯಾನ್ ನಿಧಾನಕ್ಕೆ ಬಿಡ್ರಿ. 18ಕ್ಕಿಟ್ರೆ ಬೇಗ ತಂಪಾಗುತ್ತೆ ಅನ್ನೋದು ಸುಳ್ಳು, ಬಿಲ್ ಮಾತ್ರ ಏರುತ್ತೆ, ಒಂದೊಂದು ಡಿಗ್ರಿ ಮೇಲಿಟ್ಟಂಗೂ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತೆ ಅಂತ ಎಸಿಗಳಿಗೆ ಸ್ಟಾರ್ ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇನೇ ಹೇಳಿದೆ. ಇಲ್ಲಿ ಕೂಲರ್ ಸಾಕಲ್ವಾ ಅಂತ ನನ್ನ ಕೇಳಿದ್ರೆ, ವಯಸ್ಸಾದೋರಿಗೆ ರಾತ್ರಿ ಎದ್ದು ನೀರು ತುಂಬ್ಸೋ ಕೆಲ್ಸ, ಒದ್ದೆ ನೆಲ, ಇವೆಲ್ಲಾ ಬೇಡ. ನೀವು ಎಸಿನೇ ಹಾಕ್ಸಿ.

ಪ್ರಶ್ನೆ: ಕೂಲರ್ ನೀರಿಗೆ ಐಸ್ ಹಾಕಿದ್ರೆ ಜಾಸ್ತಿ ತಂಪಾ?

ಉತ್ತರ: ಒಂದು ಲೀಟರ್ ನೀರು ಆವಿಯಾಗೋವಾಗ ಎಳ್ಕೊಳೋ ಬಿಸಿ, ಒಂದು ಕೆಜಿ ಐಸ್ ಕರಗೋವಾಗ ಎಳ್ಕೊಳೋದರ ಏಳು ಪಟ್ಟು. ಐಸು ಹತ್ತು ನಿಮಿಷದ ಮಜಾ, ಮಜ್ಜಿಗೆಗೆ ಹಾಕ್ಕೊಂಡು ಕುಡೀರಿ.